ಬಾಗಿಲು ತೆರೆದಿದೆ ಅಂದರೆ ಸಾಕಾ? ಓಪನ್ ಸೋರ್ಸ್‌ಗೆ ಹೆಣ್ಣುಮಕ್ಕಳನ್ನು ಕರೆಯುವ ಬಗ್ಗೆ

ಓಪನ್ ಸೋರ್ಸ್ ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟ, ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್. 2006ರ ಒಂದು ಲೆಕ್ಕದಿಂದ ಶುರು ಮಾಡೋಣ. ಗ್ನೋಮ್ ಗೊತ್ತಲ್ಲ, ಲಿನಕ್ಸ್ (ವಿಂಡೋಸ್ ಜಾಗದಲ್ಲಿ ಬಳಸುವ ಓಪನ್ ಸೋರ್ಸ್ ವ್ಯವಸ್ಥೆ) ಇರುವ ಕಂಪ್ಯೂಟರ್ ಆನ್ ಮಾಡಿದಾಗ ಕಾಣುವ ಮೆನು, ಐಕಾನ್, ವಿಂಡೋ ಎಲ್ಲವನ್ನೂ ಕೊಡುವ ಡೆಸ್ಕ್‌ಟಾಪ್. ಆ ವರ್ಷ ವಿದ್ಯಾರ್ಥಿಗಳಿಗೆ ಹಣ ಕೊಟ್ಟು ಓಪನ್ ಸೋರ್ಸ್ ಕೆಲಸ ಮಾಡಿಸುವ ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮದಲ್ಲಿ ಗ್ನೋಮ್‌ಗೆ ಕೆಲಸ ಮಾಡುತ್ತೇವೆ ಅಂತ 181 ಅರ್ಜಿ ಬಂದವು. ಅದರಲ್ಲಿ ಹುಡುಗಿಯರದ್ದು ಎಷ್ಟು? ಒಂದೂ ಇಲ್ಲ. ಹಾನಾ ವಾಲಕ್ ಮತ್ತು ಕ್ರಿಸ್ ಬಾಲ್ ಅನ್ನುವ ಇಬ್ಬರು ಇದನ್ನು ನೋಡಿ ಸುಮ್ಮನಾಗಲಿಲ್ಲ. ಅದೇ ಬೇಸಿಗೆಗೆ, ಅದೇ ಗ್ನೋಮ್‌ನಲ್ಲಿ, ಇದು ಹೆಣ್ಣುಮಕ್ಕಳಿಗಾಗಿಯೇ ಅಂತ ಬಾಯಿಬಿಟ್ಟು ಹೇಳಿ ಇನ್ನೊಂದು ಚಿಕ್ಕ ಕಾರ್ಯಕ್ರಮ ಮಾಡಿದರು. ನೂರರಷ್ಟು ಅರ್ಜಿ ಬಂದವು. ಆರು ಜನರನ್ನು ತೆಗೆದುಕೊಂಡರು.

ಒಂದೇ ವರ್ಷ, ಒಂದೇ ಪ್ರಾಜೆಕ್ಟ್, ಹೆಚ್ಚುಕಮ್ಮಿ ಒಂದೇ ಥರದ ಕೆಲಸ. ಬದಲಾಗಿದ್ದು ಕರೆದ ರೀತಿ ಮಾತ್ರ. ಆ ಎರಡನೇ ಪ್ರಯತ್ನ ಮಾಡದೇ ಇದ್ದಿದ್ದರೆ "ಹುಡುಗಿಯರಿಗೆ ಇದರಲ್ಲಿ ಆಸಕ್ತಿ ಇಲ್ಲ ಬಿಡಿ" ಅನ್ನೋ ತೀರ್ಮಾನಕ್ಕೆ 181 ಅರ್ಜಿಗಳೇ ಸಾಕ್ಷಿಯಾಗಿ ಉಳಿದುಬಿಡುತ್ತಿದ್ದವು. ಆ ಮಾತು ಇವತ್ತಿಗೂ ನಮ್ಮ ಬೆಂಗಳೂರಿನ ಮೀಟಪ್‌ಗಳಲ್ಲಿ ಕಿವಿಗೆ ಬೀಳುತ್ತೆ. ಹೇಳುವವರು ಕೆಟ್ಟವರೇನಲ್ಲ. "ನಾವು ಯಾರನ್ನೂ ಬೇಡ ಅಂದಿಲ್ಲ, ಯಾರು ಬೇಕಾದ್ರೂ ಬರಬಹುದು, ಕೋಡ್ ಚೆನ್ನಾಗಿದ್ರೆ ಸಾಕು" ಅಂತ ನಿಜವಾಗಿಯೂ ನಂಬಿದವರು. ಆದರೆ ನಮ್ಮಲ್ಲಿ ಮದುವೆಗೆ ಯಾರಾದರೂ ಹಾಗೆ ಕರೆಯುತ್ತಾರಾ? ಛತ್ರದ ಬಾಗಿಲು ತೆರೆದೇ ಇರುತ್ತೆ, ಬೇಕಾದವರು ಬನ್ನಿ ಅಂತ ಬೋರ್ಡ್ ಹಾಕಿದರೆ ಒಬ್ಬರೂ ಹೋಗಲ್ಲ. ಮನೆಗೆ ಬಂದು, ಕುಂಕುಮ ಕೊಟ್ಟು, ಹೆಸರು ಹಿಡಿದು "ನೀವು ಬರಲೇಬೇಕು" ಅಂದರೆ ತಾನೇ ಹೊರಡೋದು. ಓಪನ್ ಸೋರ್ಸ್ ಜಗತ್ತು ಶುರುವಿನಿಂದಲೂ ಬೋರ್ಡ್ ಹಾಕಿಕೊಂಡೇ ಕೂತಿದೆ.

ಅದರ ಫಲ ಅಂಕಿಗಳಲ್ಲಿ ಚೆನ್ನಾಗಿ ಕಾಣುತ್ತೆ. 2006ರಲ್ಲೇ ಯುರೋಪಿಯನ್ ಒಕ್ಕೂಟದ ಹಣದಲ್ಲಿ ನಡೆದ ಫ್ಲಾಸ್‌ಪೋಲ್ಸ್ ಅನ್ನುವ ಅಧ್ಯಯನ, ಓಪನ್ ಸೋರ್ಸ್‌ನಲ್ಲಿ ಹೆಣ್ಣುಮಕ್ಕಳು ಶೇ. 1.5ರಷ್ಟು, ಸಂಬಳ ಕೊಡುವ ಕಂಪನಿ ಸಾಫ್ಟ್‌ವೇರ್‌ನಲ್ಲಿ ಶೇ. 28ರಷ್ಟು ಅಂತ ಹೇಳಿತ್ತು. ಹನ್ನೊಂದು ವರ್ಷ ಆದ ಮೇಲೆ, 2017ರಲ್ಲಿ, ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್ ನಡೆಸಿದ ದೊಡ್ಡ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಶೇ. 95 ಗಂಡಸರು, ಶೇ. 3 ಹೆಂಗಸರು. ನಮ್ಮ ದೇಶದ ಐಟಿ ಕಂಪನಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೆಣ್ಣುಮಕ್ಕಳೇ ಇದ್ದಾರೆ. ಬೆಳಗ್ಗೆ ಹೊತ್ತು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕ್ಯಾಬ್ ಒಳಗೆ ಇಣುಕಿ ನೋಡಿದರೂ ಸಾಕು. ಹಾಗಾದರೆ ಕೋಡ್ ಬರೆಯಲು ಬರುವವರು ಇಲ್ಲ ಅನ್ನೋ ಮಾತು ನಿಲ್ಲಲ್ಲ. ಹಗಲು ಸಂಬಳಕ್ಕೆ ಬರೆಯುವವರು ಸಂಜೆ ಪುಕ್ಕಟೆಯಾಗಿ ಬರೆಯಲು ಯಾಕೆ ಬರುತ್ತಿಲ್ಲ ಅನ್ನೋದೇ ಪ್ರಶ್ನೆ.

ಅದೇ ಗಿಟ್‌ಹಬ್ ಸಮೀಕ್ಷೆಯಲ್ಲಿ ಇನ್ನೊಂದು ಜೋಡಿ ಅಂಕಿ ಇದೆ, ಇದನ್ನು ಯಾರೂ ಅಷ್ಟಾಗಿ ಎತ್ತಿ ಹೇಳಲ್ಲ. ಮುಂದೆ ಓಪನ್ ಸೋರ್ಸ್‌ಗೆ ಕೆಲಸ ಮಾಡಲು ತುಂಬಾ ಆಸಕ್ತಿ ಇದೆ ಅಂದವರು ಗಂಡಸರಲ್ಲಿ ಶೇ. 73, ಹೆಂಗಸರಲ್ಲಿ ಶೇ. 68. ದೊಡ್ಡ ವ್ಯತ್ಯಾಸ ಏನಲ್ಲ. ಆದರೆ "ಖಂಡಿತ ಮಾಡ್ತೀರಾ?" ಅಂತ ಕೇಳಿದಾಗ ಗಂಡಸರು ಶೇ. 61, ಹೆಂಗಸರು ಶೇ. 45. ಆಸೆ ಇದೆ, ಆದರೆ ಆಗುತ್ತೆ ಅನ್ನುವ ನಂಬಿಕೆ ಇಲ್ಲ. ಈ ನಡುವಿನ ಗುಂಡಿಯಲ್ಲಿ ಏನಿದೆ ಅಂತ ನೋಡಬೇಕು.

ನನ್ನ ಪ್ರಕಾರ ಅಲ್ಲಿರುವುದು ಮೊದಲನೆಯದಾಗಿ ಟೈಮ್. ಉಳಿದದ್ದೆಲ್ಲ ಆಮೇಲೆ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಗಂಡಸರು 88 ನಿಮಿಷ. ಗಮನಿಸಿ, ಇದು ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ, ಕೈಯನ್ನೇ ಹಾಕದವರು ಈ ಲೆಕ್ಕದಲ್ಲಿ ಇಲ್ಲ. ಮಕ್ಕಳು, ವಯಸ್ಸಾದವರ ಆರೈಕೆ ಇದರಿಂದ ಹೊರಗೆ, ಅದರಲ್ಲೂ ಹೆಂಗಸರದ್ದು 137 ನಿಮಿಷ, ಗಂಡಸರದ್ದು 75. ಬರೀ ಮನೆಗೆಲಸದ ಅಂತರವೇ ಮೂರು ಗಂಟೆ ದಾಟುತ್ತೆ. ಓಪನ್ ಸೋರ್ಸ್‌ನಲ್ಲಿ ಹೆಸರು ಮಾಡಿದವರನ್ನು ಕೇಳಿ ನೋಡಿ, ಹೆಚ್ಚಿನವರು ಆ ಮೂರು ಗಂಟೆಯಲ್ಲೇ ಅದನ್ನು ಮಾಡಿದವರು. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತರೆ ಒಂದು ಗಂಟೆವರೆಗೆ ಏಳಲ್ಲ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ತಟ್ಟೆ ಯಾರು ತೊಳೆದರು ಅನ್ನೋದು ಮಾತ್ರ ಆ ಕಥೆಯಲ್ಲಿ ಬರಲ್ಲ. ಕಂಪನಿಗಳು ಕೆಲಸಕ್ಕೆ ತೆಗೆದುಕೊಳ್ಳುವಾಗ "ನಿಮ್ಮ ಗಿಟ್‌ಹಬ್ ತೋರಿಸಿ" ಅಂತ ಕೇಳುತ್ತವಲ್ಲ, ಕೇಳುತ್ತಿರುವುದು ಅರ್ಧ ಕೋಡ್ ಬಗ್ಗೆ, ಇನ್ನರ್ಧ ನಿಮಗೆ ಎಷ್ಟು ಬಿಡುವು ಸಿಗುತ್ತೆ ಅನ್ನೋದರ ಬಗ್ಗೆ.

ಹಾಗಾಗಿ ಸ್ಫೂರ್ತಿ ತುಂಬುವ ಭಾಷಣಗಳ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಮಾರ್ಚ್ 8 ಬಂದರೆ ಸಾಕು, ಕಾಲೇಜಿಗೆ ಒಬ್ಬರನ್ನು ಕರೆಸಿ, ಜಗತ್ತಿನ ಮೊದಲ ಪ್ರೋಗ್ರಾಮರ್ ಅಂತ ಕರೆಯುವ ಆಡಾ ಲವ್‌ಲೇಸ್ ಫೋಟೋ ತೋರಿಸಿ, ನೀವೂ ಮಾಡಬಹುದು ಅಂತ ಹೇಳಿಸಿ, ಸಮೋಸ ತಿಂದು ಎದ್ದು ಹೋಗುವುದು. ಕೂತಿರುವ ಹುಡುಗಿಯರಿಗೆ ತಮ್ಮಿಂದ ಆಗುತ್ತೆ ಅಂತ ಮೊದಲೇ ಗೊತ್ತು. ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್ ನೋಡಿದರೆ ಸಾಕಲ್ವಾ.

ಹಾಗಾದರೆ ಕೆಲಸ ಮಾಡಿದ್ದು ಯಾವುದು? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಗ್ನೋಮ್‌ನ ಆ 2006ರ ಪ್ರಯೋಗ ಕೆಲವು ವರ್ಷ ತಣ್ಣಗಾಗಿ, 2010ರಲ್ಲಿ ಮರೀನಾ ಜುರಾಖಿನ್‌ಸ್ಕಾಯಾ ಅವರ ಮುಂದಾಳತ್ವದಲ್ಲಿ ಮತ್ತೆ ಶುರುವಾಯಿತು. ಆಮೇಲೆ ಬೇರೆ ಪ್ರಾಜೆಕ್ಟ್‌ಗಳೂ ಸೇರಿದವು. 2015ರಲ್ಲಿ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಅನ್ನುವ ಸಂಸ್ಥೆಯ ಅಡಿಗೆ ಬಂದು ಔಟ್‌ರೀಚಿ ಅಂತ ಹೆಸರಾಯಿತು. ಈಗ ಅದು ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲ, ತಮ್ಮ ದೇಶದ ತಂತ್ರಜ್ಞಾನ ವಲಯದಲ್ಲಿ ತಾರತಮ್ಯ ಎದುರಿಸುವ ಎಲ್ಲರಿಗೂ. ಇಲ್ಲಿವರೆಗೆ ಸಾವಿರಕ್ಕೂ ಜಾಸ್ತಿ ಜನ ಇದರಿಂದ ಹೊರಬಂದಿದ್ದಾರೆ, ಅವರಲ್ಲಿ ಭಾರತದ ಹುಡುಗಿಯರೂ ಬಹಳ ಮಂದಿ ಇದ್ದಾರೆ. ಮೂರು ತಿಂಗಳ ಕೆಲಸ, ಮನೆಯಿಂದಲೇ. ಅದಕ್ಕೆ 7000 ಡಾಲರ್ ಹಣ. ಹಣ ಅಂದಕೂಡಲೇ ಕೆಲವರು ಮೂಗು ಮುರಿಯುತ್ತಾರೆ, ಓಪನ್ ಸೋರ್ಸ್ ಅಂದರೆ ಸೇವೆ ಅಲ್ವಾ ಅಂತ. ಮನೆಯಲ್ಲಿ "ಅದೇನು ಇಡೀ ದಿನ ಕಂಪ್ಯೂಟರ್ ಮುಂದೆ" ಅಂತ ಕೇಳುವ ಅತ್ತೆಗೆ, ಅಪ್ಪನಿಗೆ, ಗಂಡನಿಗೆ "ಇದು ಕೆಲಸ, ದುಡ್ಡು ಬರುತ್ತೆ" ಅಂತ ಒಂದೇ ಮಾತಲ್ಲಿ ಹೇಳಬಹುದು ಅನ್ನೋದು ಎಷ್ಟು ದೊಡ್ಡದು ಅಂತ ಆ ಪ್ರಶ್ನೆಗೆ ಯಾವತ್ತೂ ಉತ್ತರ ಕೊಡಬೇಕಾಗಿ ಬಾರದವರಿಗೆ ಗೊತ್ತಾಗಲ್ಲ. ದುಡ್ಡು ಟೈಮ್ ಕೊಡಿಸುತ್ತೆ.

ಆದರೆ ದುಡ್ಡಿಗಿಂತ ಮುಂಚೆ ಇನ್ನೊಂದು ಹಂತ ಇದೆ, ನನಗೆ ಅದು ಇನ್ನೂ ಜಾಣತನದ್ದು ಅನ್ನಿಸುತ್ತೆ. ಅರ್ಜಿ ಹಾಕುವ ಹೊತ್ತಲ್ಲೇ ಆ ಪ್ರಾಜೆಕ್ಟ್‌ಗೆ ಒಂದು ಚಿಕ್ಕ ಕೆಲಸ ಮಾಡಿ ತೋರಿಸಬೇಕು. ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್‌ನ ಒಳತಿರುಳು, ತೆಗೆದುಕೊಳ್ಳಿ. ಅಲ್ಲಿ ಸ್ಟೇಜಿಂಗ್ ಅಂತ ಒಂದು ಫೋಲ್ಡರ್ ಇದೆ, ಇನ್ನೂ ಹದಕ್ಕೆ ಬರದ ಡ್ರೈವರ್‌ಗಳನ್ನು (ಕಂಪ್ಯೂಟರಿನ ಸಾಧನಗಳನ್ನು ನಡೆಸುವ ಕೋಡ್) ಇಡುವ ಜಾಗ. ಹೊಸಬರಿಗೆ ಹೇಳುವುದು ಇಷ್ಟೇ: ಚೆಕ್‌ಪ್ಯಾಚ್ ಅನ್ನುವ ಸ್ಕ್ರಿಪ್ಟ್ ಓಡಿಸಿ, ಅದು ತೋರಿಸುವ ತಪ್ಪುಗಳಲ್ಲಿ ಒಂದನ್ನು ಸರಿ ಮಾಡಿ. ಎಲ್ಲೋ ಒಂದು ಸ್ಪೇಸ್ ಜಾಸ್ತಿ ಇರುತ್ತೆ, ಎಲ್ಲೋ ಬ್ರಾಕೆಟ್ ತಪ್ಪು ಸಾಲಿನಲ್ಲಿ ಇರುತ್ತೆ. ಅದನ್ನು ತಿದ್ದೋಕೆ ಅರ್ಧ ನಿಮಿಷ ಸಾಕು. ಆದರೆ ಆ ಅರ್ಧ ನಿಮಿಷದ ಕೆಲಸವನ್ನು ಪ್ಯಾಚ್ (ಏನು ತಿದ್ದಿದೆವು ಅಂತ ತೋರಿಸುವ ಚಿಕ್ಕ ಫೈಲ್) ಮಾಡಿ ಈಮೇಲ್‌ನಲ್ಲಿ ಕಳಿಸುವುದಕ್ಕೆ ಒಂದು ಇಡೀ ದಿನ ಹಿಡಿಯಬಹುದು. ಈಮೇಲ್ ಬರೀ ಪ್ಲೇನ್ ಟೆಕ್ಸ್ಟ್‌ನಲ್ಲೇ ಇರಬೇಕು, ಜಿಮೇಲ್ ಪುಟದಿಂದ ಕಳಿಸಿದರೆ ಟ್ಯಾಬ್‌ಗಳೆಲ್ಲ ಹಾಳಾಗುತ್ತವೆ, ಯಾರಿಗೆ ಕಳಿಸಬೇಕು ಅಂತ ಕಂಡುಹಿಡಿಯಲು ಮತ್ತೊಂದು ಸ್ಕ್ರಿಪ್ಟ್, ಉತ್ತರ ಬರೆಯುವಾಗ ಅವರ ಮಾತಿನ ಕೆಳಗೆ ಬರೆಯಬೇಕೇ ಹೊರತು ಮೇಲೆ ಅಲ್ಲ. ಇದರಲ್ಲಿ ಒಂದು ತಪ್ಪಿದರೂ ಒಂದು ಸಾಲಿನ ಒಣ ಉತ್ತರ ಬರುತ್ತೆ. ಹಾಸ್ಟೆಲ್‌ನಲ್ಲಿ ಸೀನಿಯರ್ ಹುಡುಗರ ಜೊತೆ ರಾತ್ರಿಯೆಲ್ಲ ಕೂತು ಇದನ್ನು ಕಲಿತವನಿಗೆ ಇದು ನಿಯಮ ಅಂತಲೇ ಅನ್ನಿಸಲ್ಲ. ಅದೇ ಕಾಲೇಜಿನ ಹುಡುಗಿಗೆ ಹಾಸ್ಟೆಲ್ ಗೇಟ್ ಸಂಜೆಯೇ ಮುಚ್ಚುತ್ತೆ. ಔಟ್‌ರೀಚಿ ಮಾಡಿದ್ದು ಏನಂದರೆ, ಈ ಬಾಯಿಮಾತಿನ ವಿದ್ಯೆಯನ್ನೆಲ್ಲ ಬರೆದಿಟ್ಟು, ಪಕ್ಕದಲ್ಲಿ ಹೆಸರಿರುವ ಒಬ್ಬ ಮೆಂಟರ್‌ನ ಕೂರಿಸಿ, "ಪೆದ್ದು ಪ್ರಶ್ನೆ ಆದರೂ ಪರವಾಗಿಲ್ಲ, ಇವರನ್ನೇ ಕೇಳಿ" ಅಂದಿದ್ದು.

ಹೆಸರು ಹಿಡಿದು ಕರೆಯೋದರ ಬೆಲೆಗೆ ಇನ್ನೊಂದು ಉದಾಹರಣೆ ಅಮೆರಿಕದ ಪೈಕಾನ್, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಳಸುವವರ ಸಮ್ಮೇಳನ. 2011ರಲ್ಲಿ ಅಲ್ಲಿ ಮಾತಾಡಿದವರಲ್ಲಿ ಹೆಂಗಸರು ಶೇ. 1. 2016ರ ಹೊತ್ತಿಗೆ ಶೇ. 40. ಐದೇ ವರ್ಷ! ಮಂತ್ರ ಏನೂ ಇಲ್ಲ. ಒಬ್ಬೊಬ್ಬರಿಗೂ ಬರೆದು, ನಿಮ್ಮ ಈ ಕೆಲಸದ ಬಗ್ಗೆ ಮಾತಾಡಿ ಅಂತ ಕೇಳಿದರು, ಪ್ರಸ್ತಾವ ಬರೆಯಲು ನೆರವಾದರು. ಆಯ್ಕೆ ನಿಯಮ ಸಡಿಲ ಮಾಡಿ ಯಾರನ್ನೂ ಒಳಗೆ ಬಿಡಲಿಲ್ಲ.

ಸರಿ, ಒಳಗೆ ಬಂದರು ಅಂತ ಇಟ್ಟುಕೊಳ್ಳೋಣ. ಆಮೇಲೆ? ಗಿಟ್‌ಹಬ್‌ನ ಲಕ್ಷಾಂತರ ಪುಲ್ ರಿಕ್ವೆಸ್ಟ್‌ಗಳನ್ನು (ನನ್ನ ಈ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆಗಳು) ಜಾಲಾಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಟ್ಟಾರೆ ನೋಡಿದರೆ ಹೆಂಗಸರು ಕಳಿಸಿದ ಬದಲಾವಣೆಗಳು ಗಂಡಸರದ್ದಕ್ಕಿಂತ ಜಾಸ್ತಿ ಸ್ವೀಕಾರ ಆಗಿದ್ದವು. ಅಬ್ಬಾ, ಸಮಸ್ಯೆ ಮುಗಿಯಿತು ಅಂದುಕೊಳ್ಳುವ ಮೊದಲು ಮುಂದಿನ ಪುಟ ನೋಡಬೇಕು. ಪ್ರಾಜೆಕ್ಟ್‌ನವರಿಗೆ ಪರಿಚಯ ಇಲ್ಲದ ಹೊರಗಿನ ಹೆಂಗಸರಲ್ಲಿ, ಹೆಸರು ಫೋಟೋದಿಂದ ಹೆಣ್ಣು ಅಂತ ಗೊತ್ತಾಗದವರ ಬದಲಾವಣೆಗಳು ಸುಮಾರು ಶೇ. 72ರಷ್ಟು ಸ್ವೀಕಾರ ಆದರೆ, ಗೊತ್ತಾಗುವವರದ್ದು ಶೇ. 62ರ ಆಸುಪಾಸಿಗೆ ಇಳಿದಿತ್ತು. ಗುರುತು ಗೊತ್ತಾದರೆ ಗಂಡಸರಿಗೂ ಇಳಿಯುತ್ತೆ, ಆದರೆ ಅಷ್ಟು ಇಳಿಯಲ್ಲ. ಪರಿಚಯ ಆದ ಮೇಲೆ ಏನೂ ತೊಂದರೆ ಇಲ್ಲ, ಮೊದಲ ಹೆಜ್ಜೆಯಲ್ಲೇ ಕಾಲಿಗೆ ಕಲ್ಲು. ಹೊಸಬರಿಗೆ ಮೆಂಟರ್ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಾ?

ಕೋಡ್‌ಗಿಂತ ಚಿಕ್ಕ ವಿಷಯಗಳೂ ಇವೆ. ನಮ್ಮಲ್ಲಿ ಎಲ್ಲ ಗುಂಪುಗಳೂ ನಡೆಯುವುದು ವಾಟ್ಸಾಪ್‌ನಲ್ಲಿ. ಒಂದು ವರ್ಕ್‌ಶಾಪ್ ಮುಗಿಯಿತು ಅಂದರೆ ಎಲ್ಲರ ನಂಬರ್ ತೆಗೆದುಕೊಂಡು ಗ್ರೂಪ್‌ಗೆ ಹಾಕುತ್ತಾರೆ. ಇನ್ನೂರು ಜನರ ಗ್ರೂಪ್‌ನಲ್ಲಿ ಹುಡುಗಿಯ ಫೋನ್ ನಂಬರ್ ಎಲ್ಲರಿಗೂ ಕಾಣುತ್ತೆ. ಆ ರಾತ್ರಿಯೇ ಯಾರೋ ಗೊತ್ತಿಲ್ಲದವರಿಂದ ಒಂದು "ಹಾಯ್", ಉತ್ತರ ಕೊಡದಿದ್ದರೆ ಬೆಳಗ್ಗೆ ಇನ್ನೊಂದು "ಹಾಯ್", ಆಮೇಲೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ಅವಳು ಜಗಳ ಆಡಲ್ಲ, ದೂರು ಕೊಡಲ್ಲ. ಗ್ರೂಪ್ ಬಿಟ್ಟು ಹೋಗುತ್ತಾಳೆ, ಅಷ್ಟೇ. ಮುಂದಿನ ಸಭೆಯಲ್ಲಿ "ಹುಡುಗಿಯರು ಬಂದರೂ ನಿಲ್ಲಲ್ಲ" ಅನ್ನೋ ಮಾತು ಬರುತ್ತೆ. ನಂಬರ್ ತೋರಿಸದೆ ಮಾತಾಡಲು ಆಗುವ ಜಾಗಗಳು ಎಷ್ಟೋ ಇವೆ. ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿಡಬಹುದು, ಮ್ಯಾಟ್ರಿಕ್ಸ್ ಅನ್ನುವ ಚಾಟ್ ವ್ಯವಸ್ಥೆಗೆ ನಂಬರೇ ಬೇಡ. ಇದೇ ರೀತಿ ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಅನ್ನುವ ಸಾಧನದಲ್ಲಿ, ನಾವು ದಾಖಲಿಸುವ ಒಂದೊಂದು ಬದಲಾವಣೆಯಲ್ಲೂ, ಅಂದರೆ ಕಮಿಟ್‌ನಲ್ಲೂ, ನಮ್ಮ ಈಮೇಲ್ ವಿಳಾಸ ಶಾಶ್ವತವಾಗಿ ಉಳಿಯುತ್ತೆ, ಗಿಟ್‌ಹಬ್‌ನಲ್ಲಿ ಅದರ ಬದಲು ಒಂದು ಮುಚ್ಚಿದ ವಿಳಾಸ ಬಳಸಬಹುದು ಅನ್ನೋದನ್ನು ಮೊದಲ ಕ್ಲಾಸಿನಲ್ಲೇ ಹೇಳಿಕೊಡಬೇಕು. ಹೇಳಿಕೊಡೋದಿಲ್ಲ.

ಇನ್ನು ಹೆಸರಿನ ವಿಷಯ. ನಮ್ಮ ಕಡೆ ಮದುವೆ ಆದ ಮೇಲೆ ಎಷ್ಟೋ ಜನ ಅಪ್ಪನ ಇನಿಷಿಯಲ್ ಬಿಟ್ಟು ಗಂಡನ ಹೆಸರು ಸೇರಿಸಿಕೊಳ್ಳುತ್ತಾರೆ, ಪಾಸ್‌ಪೋರ್ಟ್‌ಗೋ ವೀಸಾಗೋ ಅಂತ ಆದರೂ. ಕಾಲೇಜಿನಲ್ಲಿದ್ದಾಗ ಒಂದು ಹೆಸರಲ್ಲಿ ಮಾಡಿದ ಕಮಿಟ್‌ಗಳು, ಆಮೇಲೆ ಇನ್ನೊಂದು ಹೆಸರು ಇನ್ನೊಂದು ಈಮೇಲ್‌ನಲ್ಲಿ ಮಾಡಿದವು. ಗಿಟ್ ಲೆಕ್ಕದಲ್ಲಿ ಅವರು ಇಬ್ಬರು ಬೇರೆ ಬೇರೆ ಜನ, ಇಬ್ಬರದ್ದೂ ಅರ್ಧರ್ಧ ಕೆಲಸ. ಇದಕ್ಕೆ ಗಿಟ್‌ನಲ್ಲೇ ಪರಿಹಾರ ಇದೆ. ಮೇಲ್‌ಮ್ಯಾಪ್ ಅನ್ನುವ ಒಂದು ಫೈಲ್‌ನಲ್ಲಿ ಒಂದು ಸಾಲು ಬರೆದರೆ ಹಳೆಯದೆಲ್ಲ ಹೊಸ ಹೆಸರಿಗೆ ಸೇರುತ್ತೆ. ಆದರೆ ಆ ಸಾಲು ಸೇರಿಸಿ ಅಂತ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್‌ಗೆ ಕೇಳಬೇಕು, ಯಾಕೆ ಅಂತ ಹೇಳಬೇಕು. ಕೇಳುವ ಮೊದಲೇ ಪ್ರಾಜೆಕ್ಟ್‌ನ ಕೈಪಿಡಿಯಲ್ಲಿ "ಹೆಸರು ಬದಲಾಗಿದ್ದರೆ ಹೀಗೆ ಮಾಡಿ" ಅಂತ ಎರಡು ಸಾಲು ಇದ್ದರೆ ಯಾರ ಗಂಟು ಹೋಗುತ್ತೆ?

ಹೆಣ್ಣುಮಕ್ಕಳು ಇಲ್ಲದಿದ್ದರೆ ನಷ್ಟ ಯಾರಿಗೆ ಅನ್ನೋದಕ್ಕೆ ನನಗೆ ಯಾವಾಗಲೂ ನೆನಪಾಗೋದು ಓಪನ್‌ಸ್ಟ್ರೀಟ್‌ಮ್ಯಾಪ್. ಇದು ಜನರೇ ಕೂಡಿ ಮಾಡುವ ಭೂಪಟ. ಯಾವ ಜಾಗವನ್ನು ಯಾವ ಗುರುತಿನಿಂದ ಹಾಕಬೇಕು ಅಂತಲೂ ಜನರೇ ಮತ ಹಾಕಿ ತೀರ್ಮಾನಿಸುತ್ತಾರೆ. 2011ರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಜಾಗಗಳಿಗೆ, ನಮ್ಮ ಮಾತಲ್ಲಿ ಡೇಕೇರ್‌ಗಳಿಗೆ, ಒಂದು ಗುರುತು ಬೇಕು ಅನ್ನೋ ಪ್ರಸ್ತಾವ ಬಂತು. ಶಿಶುವಿಹಾರಕ್ಕೆ ಇರುವ ಗುರುತೇ ಸಾಕಲ್ಲ, ಇದ್ಯಾಕೆ ಅಂತ ಅದು ಬಿದ್ದುಹೋಯಿತು. ಅದೇ ಹೊತ್ತಿಗೆ ನೈಟ್‌ಕ್ಲಬ್, ಸ್ಟ್ರಿಪ್‌ಕ್ಲಬ್, ವೇಶ್ಯಾಗೃಹಗಳಿಗೆ ಬೇರೆ ಬೇರೆ ಗುರುತುಗಳಿದ್ದವು. ಮೋನಿಕಾ ಸ್ಟೀಫನ್ಸ್ ಅನ್ನುವ ಭೂಗೋಳ ಸಂಶೋಧಕಿ ಇದನ್ನು ಎತ್ತಿ ತೋರಿಸಿದರು. ಮತ ಹಾಕಿದವರಿಗೆ ದ್ವೇಷ ಏನಿರಲಿಲ್ಲ, ಮಗುವನ್ನು ಡೇಕೇರ್‌ಗೆ ಬಿಟ್ಟು ಆಫೀಸಿಗೆ ಓಡುವ ಬೆಳಗುಗಳು ಅವರ ದಿನದಲ್ಲಿ ಇರಲಿಲ್ಲ ಅಷ್ಟೇ. ಆ ಗುರುತು ಆಮೇಲೆ ಬಳಕೆಗೆ ಬಂತು. 2016ರಲ್ಲಿ ಲ್ಯಾಟಿನ್ ಅಮೆರಿಕದ ಹೆಂಗಸರು ಸೇರಿ ಜಿಯೋಚಿಕಾಸ್ ಅನ್ನುವ ಗುಂಪು ಕಟ್ಟಿಕೊಂಡು, ಆಮೇಲೆ ಊರಲ್ಲಿ ಎಷ್ಟು ರಸ್ತೆಗಳಿಗೆ ಹೆಂಗಸರ ಹೆಸರಿದೆ ಅಂತ ಇದೇ ಭೂಪಟದ ಮೇಲೆ ಲೆಕ್ಕ ಹಾಕಲು ಶುರು ಮಾಡಿದರು.

ಕರ್ನಾಟಕದಲ್ಲಿ ಅರವತ್ತು ಸಾವಿರಕ್ಕೂ ಜಾಸ್ತಿ ಅಂಗನವಾಡಿಗಳಿವೆ. ನಿಮ್ಮ ಬೀದಿಯ ಅಂಗನವಾಡಿ ಭೂಪಟದಲ್ಲಿ ಇದೆಯಾ ಅಂತ ಒಂದು ಸಲ ನೋಡಿ. ಬಸ್ ಸ್ಟ್ಯಾಂಡ್ ಪಕ್ಕದ ಶೌಚಾಲಯ ಇದೆಯಾ, ಇದ್ದರೆ ಅದರಲ್ಲಿ ಹೆಂಗಸರಿಗೆ ಜಾಗ ಇದೆಯಾ ಅಂತ ಗುರುತು ಹಾಕಿದ್ದಾರಾ? ಹಾಕಲು ಅವಕಾಶ ಇದೆ, ಅದಕ್ಕೆ ಬೇರೆಯೇ ಒಂದು ಟ್ಯಾಗ್ ಇದೆ. ಈ ಮಾಹಿತಿ ಯಾರ ಹತ್ತಿರ ಇದೆ ಅನ್ನೋದು ಎಲ್ಲರಿಗೂ ಗೊತ್ತು. ದಿನಾ ಅದೇ ರಸ್ತೆಯಲ್ಲಿ ಮನೆ ಮನೆಗೆ ಓಡಾಡುವ ಆಶಾ ಕಾರ್ಯಕರ್ತೆಗೆ ಗೊತ್ತಿರುವಷ್ಟು ಊರಿನ ನಕ್ಷೆ ಯಾವ ಸಾಫ್ಟ್‌ವೇರ್ ಎಂಜಿನಿಯರ್‌ಗೂ ಗೊತ್ತಿಲ್ಲ.

ವಿಕಿಪೀಡಿಯದ ಕಥೆಯೂ ಬೇರೆ ಅಲ್ಲ. 2011ರ ಸಮೀಕ್ಷೆಯಲ್ಲಿ ಸಂಪಾದಕರ ಪೈಕಿ ಹೆಂಗಸರು ಶೇ. 10ಕ್ಕೂ ಕಮ್ಮಿ. ಆಗ ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಶನ್‌ನ ಮುಖ್ಯಸ್ಥೆಯಾಗಿದ್ದ ಸೂ ಗಾರ್ಡ್‌ನರ್ 2015ರೊಳಗೆ ಶೇ. 25 ಮಾಡುತ್ತೇವೆ ಅಂದರು, ಆಗಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್‌ಗೆ ಭೌತಶಾಸ್ತ್ರದ ನೊಬೆಲ್ ಬಂದಾಗ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಬಗ್ಗೆ ಪುಟವೇ ಇರಲಿಲ್ಲ. ಯಾರೋ ಬರೆದಿದ್ದ ಕರಡನ್ನು ಅದೇ ವರ್ಷ ಮೇ ತಿಂಗಳಲ್ಲಿ ಆಧಾರ ಸಾಲದು ಅಂತ ತಿರಸ್ಕರಿಸಿದ್ದರು. ತಿರಸ್ಕರಿಸಿದವರು ನಿಯಮವನ್ನೇ ಪಾಲಿಸಿದ್ದು. ಪತ್ರಿಕೆಗಳು ಒಬ್ಬರ ಬಗ್ಗೆ ಬರೆಯದಿದ್ದರೆ ವಿಕಿಪೀಡಿಯಕ್ಕೆ ಆಧಾರ ಸಿಗಲ್ಲ, ಹೆಂಗಸರ ಬಗ್ಗೆ ಪತ್ರಿಕೆಗಳು ಮೊದಲಿನಿಂದಲೂ ಕಮ್ಮಿ ಬರೆದಿವೆ. 2015ರಲ್ಲಿ ಶುರುವಾದ ವಿಮೆನ್ ಇನ್ ರೆಡ್ ಅನ್ನುವ ಯೋಜನೆ ಹುಡುಕಿ ಹುಡುಕಿ ಬರೆಯಲು ಶುರು ಮಾಡಿದ ಮೇಲೆ ಇಂಗ್ಲಿಷ್‌ನ ಜೀವನಚರಿತ್ರೆ ಪುಟಗಳಲ್ಲಿ ಹೆಂಗಸರದ್ದು ಶೇ. 15ರಿಂದ 20ರ ಹತ್ತಿರಕ್ಕೆ ಬಂದಿದೆ. ನಿಧಾನ, ಆದರೆ ಏರಿದೆ.

ಕನ್ನಡದಲ್ಲಿ ಈ ಆಧಾರದ ತೊಂದರೆ ಎರಡು ಪಟ್ಟು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದ ರಾಜೇಶ್ವರಿ ಚಟರ್ಜಿ ಅವರಂಥ ಕೆಲವರ ಬಗ್ಗೆ ಇಂಗ್ಲಿಷ್‌ನಲ್ಲಾದರೂ ಸಿಗುತ್ತೆ. ಅವರದೇ ಕಾಲದ ಎಷ್ಟೋ ಲೇಖಕಿಯರು, ವೈದ್ಯೆಯರು, ಹೆಡ್‌ಮಿಸ್ಟ್ರೆಸ್‌ಗಳ ಬಗ್ಗೆ ಇರುವ ಬರಹ ಎಲ್ಲಿದೆ? ಹಳೆಯ ವಾರಪತ್ರಿಕೆಗಳಲ್ಲಿ, ಮಹಿಳಾ ಸಮಾಜಗಳ ಸ್ಮರಣ ಸಂಚಿಕೆಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ. ಗೂಗಲ್‌ನಲ್ಲಿ ಸಿಗಲ್ಲ. ಯಾವ ಸಂಚಿಕೆ ಯಾರ ಮನೆಯ ಬೀರುವಿನಲ್ಲಿದೆ ಅಂತ ಗೊತ್ತಿರೋದು ರಿಟೈರ್ ಆದ ಕನ್ನಡ ಮೇಡಂಗಳಿಗೆ. ನಾವು ಮಾತ್ರ ಸಂಪಾದನೋತ್ಸವ (ಎಲ್ಲರೂ ಕೂಡಿ ಕೂತು ವಿಕಿಪೀಡಿಯಕ್ಕೆ ಬರೆಯುವ ಶಿಬಿರ) ಅಂದರೆ ಬಿಸಿಎ ಎರಡನೇ ವರ್ಷದ ಮಕ್ಕಳನ್ನು ಲ್ಯಾಬಿಗೆ ಕರೆದುಕೊಂಡು ಬರುತ್ತೇವೆ.

ಆ ಲ್ಯಾಬಿನಲ್ಲಿ ಏನಾಗುತ್ತೆ ಹೇಳುತ್ತೇನೆ. ನಲವತ್ತು ಹುಡುಗಿಯರು ಕೂತಿರುತ್ತಾರೆ, ಎಲ್ಲರೂ ಖಾತೆ ತೆರೆಯಲು ಹೋಗುತ್ತಾರೆ. ಆರು ಜನರದ್ದು ಆಗುತ್ತೆ, ಏಳನೆಯವರಿಗೆ ಕೆಂಪು ಅಕ್ಷರದಲ್ಲಿ ಆಗಲ್ಲ ಅಂತ ಬರುತ್ತೆ. ಯಾಕಂದರೆ ಒಂದು ಐಪಿ ವಿಳಾಸದಿಂದ, ಅಂದರೆ ಒಂದೇ ಇಂಟರ್ನೆಟ್ ಸಂಪರ್ಕದಿಂದ, ದಿನಕ್ಕೆ ಆರೇ ಖಾತೆ ಅನ್ನುವ ಮಿತಿ ವಿಕಿಪೀಡಿಯದಲ್ಲಿದೆ, ಸ್ಪ್ಯಾಮ್ ತಡೆಯಲು. ಮೊದಲೇ ಕೇಳಿಕೊಂಡರೆ ಆ ಮಿತಿ ತೆಗೆಸಬಹುದು, ಆಯೋಜಕರಿಗೆ ಅದು ನೆನಪಾಗೋದು ಏಳನೆಯವರು ಕೈ ಎತ್ತಿದಾಗ. ಅರ್ಧ ಗಂಟೆ ಮೊಬೈಲ್ ಹಾಟ್‌ಸ್ಪಾಟ್‌ಗಳ ಗದ್ದಲ. ಆಮೇಲೆ ಟೈಪಿಂಗ್, ಕೆಲವರಿಗೆ ನುಡಿ ತಂತ್ರಾಂಶ ಗೊತ್ತು, ಕೆಲವರಿಗೆ ಫೋನಿನ ಕೀಬೋರ್ಡ್ ಮಾತ್ರ. ಮಧ್ಯಾಹ್ನದ ಹೊತ್ತಿಗೆ ಒಬ್ಬಳು ತನ್ನೂರಿನ ಜಾತ್ರೆ ಬಗ್ಗೆ ಆರು ಸಾಲು ಬರೆದು ಪ್ರಕಟಿಸುತ್ತಾಳೆ. ಖುಷಿಯಿಂದ ಪಕ್ಕದವಳಿಗೆ ತೋರಿಸುತ್ತಿರುವಾಗಲೇ ಪುಟದ ನೆತ್ತಿಯ ಮೇಲೆ ಉಲ್ಲೇಖ ಇಲ್ಲ, ಅಳಿಸಬಹುದು ಅನ್ನುವ ಪಟ್ಟಿ ಬಂದು ಕೂರುತ್ತೆ. ಹಾಕಿದವರು ಇನ್ನೆಲ್ಲೋ ಕೂತ ಹಳೆಯ ಸಂಪಾದಕರು, ಅವರ ದಿನದ ಕೆಲಸ ಅದು. ಸಂಜೆ ಸರ್ಟಿಫಿಕೇಟ್ ಕೊಟ್ಟು ಗ್ರೂಪ್ ಫೋಟೋ. ನಲವತ್ತು ಖಾತೆಗಳಲ್ಲಿ ಮರುವಾರ ಯಾರು ಲಾಗಿನ್ ಆದರು ಅಂತ ಯಾರಾದರೂ ನೋಡಿದ್ದಾರಾ?

ಇದನ್ನು ಸರಿ ಮಾಡೋದು ಕಷ್ಟ ಏನಲ್ಲ. ಒಂದೇ ದಿನ ನಲವತ್ತು ಜನರ ಬದಲು ಎಂಟು ಜನ, ಆದರೆ ಎಂಟು ವಾರ. ಬರೆದದ್ದು ಮೊದಲು ಪ್ರಯೋಗಪುಟದಲ್ಲೇ (ಬರೆದು ಅಭ್ಯಾಸ ಮಾಡುವ ಪುಟ) ಇರಲಿ, ಒಬ್ಬರು ಹಳಬರು ನೋಡಿ ಉಲ್ಲೇಖ ಹಾಕಿಸಿದ ಮೇಲೆ ಹೊರಗೆ ಬರಲಿ. ಶಿಬಿರ ನಡೆಯುವ ದಿನ ಇಂಥ ಕಡೆಯಿಂದ ಹೊಸಬರು ಬರುತ್ತಾರೆ, ಸ್ವಲ್ಪ ತಾಳ್ಮೆ ಇರಲಿ ಅಂತ ಕನ್ನಡ ವಿಕಿಪೀಡಿಯದ ಚರ್ಚಾ ಪುಟವಾದ ಅರಳಿ ಕಟ್ಟೆಯಲ್ಲಿ ಮುಂಚೆಯೇ ಒಂದು ಮಾತು ಹಾಕಿದರೆ ಆ ಪಟ್ಟಿಯೂ ಅಷ್ಟು ಬೇಗ ಬೀಳಲ್ಲ. ಮತ್ತೆ, ಫೋನ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಹೆಂಗಸರು ಮೂರರಲ್ಲಿ ಒಬ್ಬರು ಮಾತ್ರ. ಬಳಸಿದವರಲ್ಲೂ ಹೆಚ್ಚಿನವರಿಗೆ ಇಂಟರ್ನೆಟ್ ಅಂದರೆ ಫೋನೇ. ಫೋನಿನಲ್ಲಿ ಮಾಡಲಾಗದ ಕೆಲಸವನ್ನು ಕಲಿಸಿದರೆ ಅದು ಲ್ಯಾಬಿನಲ್ಲೇ ಉಳಿಯುತ್ತೆ.

ಸಮುದಾಯದಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಹೇಳುವ ನಡವಳಿಕೆ ಸಂಹಿತೆಗಳು ಈಗ ಎಲ್ಲ ಕಡೆ ಬಂದಿವೆ. ಲಿನಕ್ಸ್ ಕರ್ನಲ್ 2018ರಲ್ಲಿ ಒಪ್ಪಿಕೊಂಡಿತು, ವಿಕಿಮೀಡಿಯದ್ದು 2021ರಲ್ಲಿ ಬಂತು. ಒಳ್ಳೆಯದೇ. ಆದರೆ ಚಿಕ್ಕ ಭಾಷೆಯ ಸಮುದಾಯಗಳಲ್ಲಿ ಇದರ ಕಷ್ಟವೇ ಬೇರೆ. ಇಡೀ ಸಮುದಾಯ ಅಂದರೆ ಇಪ್ಪತ್ತು ಮೂವತ್ತು ಜನ, ಎಲ್ಲರೂ ಎಲ್ಲರಿಗೂ ಗೊತ್ತು. ಯಾರ ಮೇಲೆ ದೂರೋ ಅವರ ಹತ್ತು ವರ್ಷದ ಸ್ನೇಹಿತರ ಹತ್ತಿರವೇ ದೂರು ಹೇಳಬೇಕು. "ಅವ್ರು ಹಾಗೇನೇ, ಮನಸ್ಸಲ್ಲಿ ಏನಿಲ್ಲ, ಬಿಟ್ಬಿಡಮ್ಮಾ" ಅನ್ನುವ ಉತ್ತರ ಮೊದಲೇ ತಯಾರಾಗಿರುತ್ತೆ. ದೂರು ಕೇಳುವವರು ಆ ಊರಿನ, ಆ ಭಾಷೆಯ ಗುಂಪಿನ ಹೊರಗಿನವರಾಗಿರಬೇಕು, ಅವರ ಈಮೇಲ್ ಮೊದಲ ದಿನವೇ ಗೊತ್ತಿರಬೇಕು.

ಒಂದು ಎಚ್ಚರಿಕೆ. ಹೆಣ್ಣುಮಕ್ಕಳನ್ನು ಕರೆಯಿರಿ ಅಂದಕೂಡಲೇ ಅನುವಾದ, ಡಾಕ್ಯುಮೆಂಟೇಶನ್, ಕಾರ್ಯಕ್ರಮದ ನಿರೂಪಣೆ ಅವರಿಗೆ ಅಂತ ಹಂಚಿಬಿಡುವ ಅಭ್ಯಾಸ ಇದೆ. ಅನುವಾದ ಕೀಳು ಕೆಲಸ ಅಂತ ನಾನು ಹೇಳುತ್ತಿಲ್ಲ. ಫೈರ್‌ಫಾಕ್ಸ್ ಬ್ರೌಸರ್ ಕನ್ನಡದಲ್ಲಿ ಬರುತ್ತೆ ಅಂದರೆ ಯಾರೋ ಪೊಂಟೂನ್ ಅನ್ನುವ ಅನುವಾದ ತಾಣದಲ್ಲಿ ಕೂತು ಒಂದೊಂದು ಸಾಲನ್ನೂ ಕನ್ನಡ ಮಾಡಿದ್ದರಿಂದ. ವಿಕಿಪೀಡಿಯದ ಬಟನ್‌ಗಳು ಕನ್ನಡದಲ್ಲಿ ಇರೋದು ಟ್ರಾನ್ಸ್‌ಲೇಟ್‌ವಿಕಿ ಅನ್ನುವ ಇನ್ನೊಂದು ಅನುವಾದ ತಾಣದಲ್ಲಿ ಕೆಲಸ ಮಾಡಿದವರಿಂದ. ಕೋಡ್ ಬರದ, ಕನ್ನಡ ಚೆನ್ನಾಗಿ ಬರುವ ಒಬ್ಬ ಗೃಹಿಣಿ ಇಲ್ಲಿ ಇಪ್ಪತ್ತು ನಿಮಿಷ ಸಿಕ್ಕಾಗ ಇಪ್ಪತ್ತು ಸಾಲು ಮಾಡಿ ಎದ್ದು ಹೋಗಬಹುದು, ಅಷ್ಟು ಅನುಕೂಲದ ಕೆಲಸ ಓಪನ್ ಸೋರ್ಸ್‌ನಲ್ಲಿ ಬೇರೆ ಇಲ್ಲ. ತೊಂದರೆ ಇರೋದು ಲೆಕ್ಕ ಹಾಕುವಾಗ. ಬಿಡುಗಡೆ ದಿನ ಹೆಸರು ಓದುವಾಗ ಕೋಡ್ ಬರೆದವರು ಮಾತ್ರ, ಮುಂದಿನ ಆವೃತ್ತಿಯಲ್ಲಿ ಏನಿರಬೇಕು ಅಂತ ಕೂತು ಮಾತಾಡುವಾಗಲೂ ಅವರೇ. ಅನುವಾದ ಮಾಡಿದವರಿಗೆ ಆ ಮೇಜಿನ ಹತ್ತಿರ ಕುರ್ಚಿ ಇರಲ್ಲ.

ಕೊನೆಗೆ ಮತ್ತೆ ದುಡ್ಡು, ಟೈಮ್. ಬೆಂಗಳೂರಿನಲ್ಲಿ ಓಪನ್ ಸೋರ್ಸ್ ಬಳಸದ ಸಾಫ್ಟ್‌ವೇರ್ ಕಂಪನಿ ಇಲ್ಲವೇ ಇಲ್ಲ. ಆದರೆ ಮೀಟಪ್‌ಗಳು ಶನಿವಾರ ಇರುತ್ತವೆ, ಇಲ್ಲಾ ವಾರದ ದಿನ ಸಂಜೆ ಆರೂವರೆಗೆ ಕೋರಮಂಗಲದಲ್ಲೋ ಎಚ್‌ಎಸ್‌ಆರ್‌ನಲ್ಲೋ ಶುರುವಾಗಿ ಪಿಜ್ಜಾ ಮುಗಿಯುವಾಗ ಒಂಬತ್ತೂವರೆ. ಯಲಹಂಕದಲ್ಲಿ ಮನೆ ಇರುವ, ಮೂರು ವರ್ಷದ ಮಗು ಇರುವ ಎಂಜಿನಿಯರ್ ಅದಕ್ಕೆ ಬರಲ್ಲ, ಅದಕ್ಕೆ ಸಮೀಕ್ಷೆ ಬೇಕಾಗಿಲ್ಲ. ಅದೇ ಮೀಟಪ್ ಅನ್ನು ಶುಕ್ರವಾರ ಮಧ್ಯಾಹ್ನ ಎರಡರಿಂದ ಐದಕ್ಕೆ, ಆಫೀಸ್ ಸಮಯದಲ್ಲೇ, ಹಾಜರಾತಿ ಕೆಲಸದ ಲೆಕ್ಕಕ್ಕೇ ಸೇರುವ ಹಾಗೆ ಇಟ್ಟರೆ ಕಂಪನಿಗೆ ಖರ್ಚಾಗೋದು ತಿಂಗಳಿಗೆ ಒಬ್ಬರಿಂದ ಮೂರು ಗಂಟೆ. ಮೊದಲ ಸಲ ಬರೀ ಈ ಒಂದು ಬದಲಾವಣೆ ಮಾಡಿ ನೋಡಲಿ, ಭಾಷಣ, ಬ್ಯಾನರ್, ಪಿಂಕ್ ಟೀ ಶರ್ಟ್ ಯಾವುದೂ ಬೇಡ. ಜೊತೆಗೆ, ಹಿಂದಿನ ಸಲ ಒಂದೇ ಒಂದು ಪ್ಯಾಚ್ ಕಳಿಸಿ ಸುಮ್ಮನಾದವರ ಪಟ್ಟಿ ತೆಗೆದು, ಒಬ್ಬೊಬ್ಬರಿಗೂ ಹೆಸರು ಹಾಕಿ ಬರೆಯಲಿ: ಈ ಶುಕ್ರವಾರ ಇದೆ, ನಿಮ್ಮ ಆ ಪ್ಯಾಚ್‌ನ ಮುಂದಿನ ಕೆಲಸ ಹೀಗಿದೆ, ಜೊತೆಯಲ್ಲಿ ಕೂರೋದು ಇಂಥವರು, ಬರ್ತೀರಾ ಅಂತ.